ಹವಾಮಾನದ ಬಾಲಂಗೋಚಿ

ಮೂರನೆಯ ಸಲವೂ ಪುಟ ಬೆಳ್ಳಗಾಯಿತು. ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ; ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ ಪರದೆ ರಾಜೇಶ್ವರಿಯ ಮುಖಕ್ಕೆ ಎದುರಾಗಿ ನಿಂತುಬಿಟ್ಟಿತು. ಮೂವತ್ತೊಂದು ಕಾಲೇಜುಗಳ ಸಂಖ್ಯೆಗಳನ್ನು ಮೂರು ಸಲ ಹೊಡೆದ ಬೆರಳುಗಳು ಕೀಬೋರ್ಡಿನ ಮೇಲೆ ಸೋತು ಬಿದ್ದಿದ್ದವು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಬಿಜ್ಜರಗಿಯ ಹುಡುಗಿ ಕಾವ್ಯಾ, ತೆರೆದ ನೋಟುಬುಕ್ಕಿನ ಮೊದಲ ಸಾಲಿಗೆ ಮತ್ತೆ ಬೆರಳಿಟ್ಟು, ಇನ್ನೊಮ್ಮೆ ಓದಲೇ ಎಂದು ಕಣ್ಣಿನಲ್ಲೇ ಕೇಳಿದಳು. ಆ ಕಣ್ಣಿನಲ್ಲಿ ದೂರಿರಲಿಲ್ಲ. ದೂರಿದ್ದರೆ ತಾನೂ ಒಂದು ಮಾತು ಅಂದು ಹಗುರಾಗಬಹುದಿತ್ತು. ಹೀಗೆ ಸುಮ್ಮನೆ ನಂಬಿಕೊಂಡು ಕೂತವರನ್ನು ಕಂಡರೆ ರಾಜೇಶ್ವರಿಗೆ ಒಳಗೊಳಗೇ ಉರಿ ಏಳುತ್ತಿತ್ತು. ಟಿಕೋಟಾದ ತಹಸೀಲ್ದಾರ ಕಚೇರಿಯ ಎದುರಿಗಿದ್ದ ಆಕೆಯ ಆನ್‌ಲೈನ್ ಸೆಂಟರಿನಲ್ಲಿ ಆಗ ಒಂದೂವರೆ ಗಂಟೆ. ನರ್ಸಿಂಗ್ ಸೀಟಿಗೆ ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಹಾಕಿ ಬೀಗ ಜಡಿಯಲು ಇವತ್ತು ನಾಲ್ಕು ಗಂಟೆಯೇ ಕೊನೆ. ಬಾಗಿಲ ಬಳಿಯ ಬೆಂಚಿನ ಮೇಲೆ ಆರೇಳು ಜನ ಕಾಗದಗಳನ್ನು ಬೀಸಣಿಗೆ ಮಾಡಿಕೊಂಡು ಕೂತಿದ್ದರು. ಅವರ ಕೆಲಸ ನಾಳೆಯಾದರೂ ಆಗುವಂಥದು. ಈ ಹುಡುಗಿಯದು ಆಗುವಂಥದಲ್ಲ.

ಯಾರು ಕೇಳಿದ್ದರು ಇದನ್ನು ಹೊಸದು ಮಾಡು ಅಂತ? ನಿನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬ್ರೌಸರು ಮೂಲೆಯಲ್ಲೊಂದು ಸಣ್ಣ ಚೀಟಿ ತೋರಿಸಿ, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದಿತ್ತು. ಬಸ್ಸಿಗೆ ಹೊತ್ತಾಗಿದ್ದ ರಾಜೇಶ್ವರಿ ಹಾಳಾಗಿ ಹೋಗು ಎಂದು ಒತ್ತಿದ್ದಳು. ಬೆಳಿಗ್ಗೆ ತೆರೆದರೆ ಎಲ್ಲ ಮೂಲೆಗಳೂ ಗುಂಡಗೆ, ಎಲ್ಲ ಗುಂಡಿಗಳೂ ಜಾಗ ಬಿಟ್ಟು ಜಾಗಕ್ಕೆ. ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಮನೆಯ ಡಬ್ಬಿಗಳನ್ನೆಲ್ಲ ಯಾರೋ ನಾದಿನಿ ಬೇರೆ ಕಪಾಟಿಗೆ ಜೋಡಿಸಿಟ್ಟಂತೆ. ಅದನ್ನೂ ಸಹಿಸಬಹುದಿತ್ತು. ಆದರೆ ಸೀಟಿನ ಪುಟದಲ್ಲಿ ಪಟ್ಟಿಯನ್ನೆಲ್ಲ ತುಂಬಿ ಉಳಿಸು ಎಂದು ಒತ್ತಿದ ಕೂಡಲೇ ಪುಟ ಬೆಳ್ಳಗಾಗುತ್ತಿತ್ತು. ಸಹಾಯವಾಣಿಗೆ ನಲವತ್ತು ನಿಮಿಷ ಕಾದು ಕೇಳಿದಾಗ, ಆ ಕಡೆಯವನು ನಿದ್ದೆಗಣ್ಣಿನ ದನಿಯಲ್ಲಿ, ನಿಮ್ಮ ಬ್ರೌಸರಿನಲ್ಲಿ ಯಾವುದೋ ಎಕ್ಸ್‌ಟೆನ್ಶನ್ ನಮ್ಮ ಎಕ್ಸ್‌ಟೆನ್ಶನ್ನಿನ ಜೊತೆ ಜಗಳಾಡುತ್ತಿದೆ, ಒಂದೊಂದಾಗಿ ಬಂದ್ ಮಾಡಿ ನೋಡಿ ಎಂದು ಹೇಳಿ ಇಟ್ಟುಬಿಟ್ಟಿದ್ದ. ಬ್ರೌಸರಿಗೆ ಅಂಟಿಕೊಂಡು ಒಂದೊಂದು ಚಿಲ್ಲರೆ ಕೆಲಸ ಮಾಡುವ ಆ ತುಣುಕುಗಳನ್ನು ರಾಜೇಶ್ವರಿ ಮೊದಲಿನಿಂದಲೂ ಬಾಲಂಗೋಚಿ ಎಂದೇ ಕರೆಯುತ್ತಿದ್ದಳು. ಆಕೆಯ ಬ್ರೌಸರಿಗೆ ಹತ್ತು ಬಾಲಂಗೋಚಿಗಳಿದ್ದವು. ಅವುಗಳಲ್ಲಿ ಒಂದು ಸರಕಾರದ್ದು: ಸೆಂಟರಿನ ಸಹಿ ನೋಡಿ ಪುಟ ತೆರೆಯುವಂಥದು. ಅದನ್ನು ಮುಟ್ಟುವಂತಿಲ್ಲ, ಒಂದು ಸೆಂಟರಿಗೆ ಒಂದೇ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಲು ಅಪ್ಪಣೆ. ಕಾವ್ಯಾಳ ಅರ್ಜಿ ಇದೇ ಸೆಂಟರಿನಿಂದ ಹೋದದ್ದು, ಬೀಗವೂ ಇಲ್ಲಿಂದಲೇ ಬೀಳಬೇಕು.

ಒಂದು ಕಾಲೇಜು ಮಾತ್ರ ಹಾಕಿ ಪರೀಕ್ಷೆ ಮಾಡೋಣವೆಂದರೆ, ಉಳಿಸುವುದು ಒಂದೇ ಸಲ. ಅಕಸ್ಮಾತ್ ಅದೇ ಹೋಗಿ ಬೀಗ ಬಿದ್ದರೆ ಹುಡುಗಿಯ ಗತಿ ಏನು. ಹಾಗಾಗಿ ಒಂದು ಬಾಲಂಗೋಚಿ ಬಂದ್ ಮಾಡುವುದು, ಮೂವತ್ತೊಂದು ಸಂಖ್ಯೆಗಳನ್ನು ಹೊಡೆಯುವುದು, ಒತ್ತುವುದು, ಬೆಳ್ಳಗಾಗುವುದು, ಮತ್ತೊಂದು ಬಂದ್ ಮಾಡುವುದು. ಒಂದು ಸುತ್ತಿಗೆ ಹದಿನೈದು ನಿಮಿಷ. ಇಷ್ಟು ತ್ರಾಸು ಬೇಕಿರಲಿಲ್ಲ. ಒಮ್ಮೆ ತುಂಬಿದ್ದನ್ನು ನೆನಪಿಟ್ಟುಕೊಂಡು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮತ್ತೆ ತುಂಬಿಕೊಡುವ ಬಾಲಂಗೋಚಿಯೂ ಇತ್ತು. ಆದರೆ ಅದು ಮೊದಲು ಇಲ್ಲಿ ಕೆಲಸಕ್ಕಿದ್ದ ಇರ್ಫಾನಾ ಕೂರಿಸಿ ಹೋದದ್ದು. ಬೆಳಿಗ್ಗೆ ಪುಟ ಮೊದಲ ಸಲ ಬೆಳ್ಳಗಾದಾಗ ರಾಜೇಶ್ವರಿಯ ಕೈ ನೇರವಾಗಿ ಅದಕ್ಕೇ ಹೋಗಿತ್ತು. ಇದೇ ಇರಬೇಕು, ಹೋಗುವಾಗ ಏನೋ ಮಾಡಿಟ್ಟು ಹೋಗಿದ್ದಾಳೆ ಎಂದುಕೊಂಡು ಅದನ್ನೇ ಎಲ್ಲಕ್ಕಿಂತ ಮೊದಲು ಬಂದ್ ಮಾಡಿದ್ದಳು. ಅದನ್ನು ಬಂದ್ ಮಾಡಿದ ಮೇಲೂ ಪುಟ ಬೆಳ್ಳಗಾಯಿತು. ಹಾಗಾದರೆ ಅದರ ತಪ್ಪಿಲ್ಲ ಎಂದು ಮತ್ತೆ ಚಾಲೂ ಮಾಡಬಹುದಿತ್ತು. ಮಾಡಲಿಲ್ಲ. ಆಕೆಯ ಉಪಕಾರ ಬೇಡ ಎನ್ನುವ ಹಟದಲ್ಲಿ ಮತ್ತೆ ಮತ್ತೆ ಕೈಯಿಂದಲೇ ಹೊಡೆಯುತ್ತಿದ್ದಳು.

"ಓದ್ಲಾ ಅಕ್ಕಾರ?" ಎಂದಳು ಕಾವ್ಯಾ.

ಓದು ಎಂದಳು. ಹುಡುಗಿ ಒಂದೊಂದೇ ಸಂಖ್ಯೆಯನ್ನು ತಪ್ಪಿಲ್ಲದೆ, ಅವಸರವಿಲ್ಲದೆ ಓದತೊಡಗಿದಳು. ಆ ಪಟ್ಟಿಯನ್ನು ಆಕೆ ಎಂಟು ದಿನ ಕೂತು ಮಾಡಿದ್ದಳು. ಯಾವ ಕಾಲೇಜಿಗೆ ಹಾಸ್ಟೆಲಿದೆ, ಯಾವ ಊರಿಗೆ ಬಿಜ್ಜರಗಿಯಿಂದ ಎಷ್ಟು ಬಸ್ಸು ಬದಲಿಸಬೇಕು ಎಂದೆಲ್ಲ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಈ ವರ್ಷ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಅವ್ವನ ಜೊತೆ ಶೆಡ್ಡಿಗೆ ನಡಿ ಎಂದು ಅಪ್ಪ ಗುರಲಿಂಗಪ್ಪ ಹೇಳಿಬಿಟ್ಟಿದ್ದಾನೆ ಎನ್ನುವುದನ್ನು ಹುಡುಗಿ ಬೆಳಿಗ್ಗೆಯೇ, ಯಾರದೋ ಸುದ್ದಿಯೆನ್ನುವಂತೆ ಹೇಳಿದ್ದಳು. ಶೆಡ್ಡೆಂದರೆ ಏನೆಂದು ರಾಜೇಶ್ವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂಬತ್ತು ವರ್ಷ ಇದೇ ಟಿಕೋಟಾದ ಶೆಡ್ಡಿನಲ್ಲಿ ಕಾಲು ಮಡಿಚಿ ಕೂತು ಒಣದ್ರಾಕ್ಷಿ ಆರಿಸಿದವಳು ಅವಳು. ಕಡ್ಡಿ ಬೇರೆ, ಕಪ್ಪು ಬೇರೆ, ಕಂದು ಬೇರೆ. ಮುಕಾದಮನು ಹಿಂದೆ ನಿಂತು ನೋಡುತ್ತಿದ್ದ. ಯಾರು ಬಾಯಿಗೆ ಹಾಕಿಕೊಂಡರು, ಯಾರು ಸೊಂಟ ನೆಟ್ಟಗೆ ಮಾಡಲು ಎದ್ದರು ಎಂದು ನೋಡುವುದೇ ಅವನ ಕೆಲಸ. ಬೆನ್ನಿಗೆ ಕಣ್ಣು ಚುಚ್ಚುತ್ತದೆ ಎನ್ನುವುದು ಅಲ್ಲಿ ಕೂತು ಗೊತ್ತಾಗಿತ್ತು. ಅದು ಗೊತ್ತಿದ್ದವಳೇ, ಎಂದು ಮನಸ್ಸು ಒಂದು ಮಾತು ಶುರು ಮಾಡಿತು. ಹದಿನೇಳನೆಯದು ಯಾವುದು ಎಂದು ರಾಜೇಶ್ವರಿ ಜೋರಾಗಿ ಕೇಳಿದಳು. ಹದಿನೇಳನೆಯದನ್ನು ಆಗಲೇ ಹೊಡೆದಿದ್ದಳು.

ಕನ್ನಡ ಬರೆಯುವ ಬಾಲಂಗೋಚಿ ಬಂದ್ ಮಾಡಿದಳು. ಬೆಳ್ಳಗಾಯಿತು. ಫೋಟೋ ಸಣ್ಣದು ಮಾಡುವುದು. ಬೆಳ್ಳಗಾಯಿತು. ಜಾಹೀರಾತು ತಡೆಯುವುದು, ಪುಟದ ಚಿತ್ರ ತೆಗೆಯುವುದು, ಎರಡನ್ನೂ ಒಟ್ಟಿಗೇ. ಬೆಳ್ಳಗಾಯಿತು. ಬೆಂಚಿನ ಮೇಲಿನವರಲ್ಲಿ ಒಬ್ಬ ಎದ್ದು ಬಂದು, ನನ್ನದು ಬರೇ ಒಂದು ಪ್ರಿಂಟ್ರೀ ಎಂದ. ಅವನ ಕಡೆ ನೋಡದೆಯೇ, ಪ್ರಿಂಟ್ ಬೇಕಾದವರು ಬೇರೆ ಅಂಗಡಿಗೆ ಹೋಗಬಹುದು ಎಂದಳು. ಅವನು ಹೋಗಲಿಲ್ಲ. ಈ ಅಕ್ಕನ ಮಾತೇ ಹಂಗ, ಕೆಲಸ ಖರೆ ಎಂದು ಪಕ್ಕದವನಿಗೆ ಹೇಳುತ್ತ ಮತ್ತೆ ಕೂತ. ಅದು ಊರಲ್ಲೆಲ್ಲ ಆಕೆಗೆ ಸಿಕ್ಕ ಸರ್ಟಿಫಿಕೇಟು. ಮಾತೇ ಹಂಗ. ಮನೆಯಲ್ಲಿ ಗಂಡನೂ ಅದನ್ನೇ ಹೇಳುತ್ತಿದ್ದ, ಊಟಕ್ಕೆ ಬಾ ಅಂತ ಕರೆದರೂ ಜಗಳಕ್ಕೆ ಕರದಂಗ ಇರ್ತದ ನೋಡು ಎಂದು. ಆ ಮಾತಿನ ಮರೆಯಲ್ಲಿ ಎಷ್ಟು ವರ್ಷ ಆರಾಮಾಗಿ ಇದ್ದುಬಿಟ್ಟಿದ್ದಳು. ಯಾರಿಗೆ ಏನು ಅಂದರೂ ಆಮೇಲೆ ಅವರೇ ಅದನ್ನು ಎತ್ತಿಟ್ಟುಕೊಂಡು, ಮಾತೇ ಹಂಗ ಎಂದು ಮಡಿಚಿ ಇಡುತ್ತಿದ್ದರು.

ಇರ್ಫಾನಾ ಮಾತ್ರ ಮಡಿಚಿಡಲಿಲ್ಲ. ಅವತ್ತೂ ಬೆಂಚಿನ ಮೇಲೆ ಏಳೆಂಟು ಜನ ಇದ್ದರು. ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿಗೆ ಇನ್ಯಾರದೋ ಫೋಟೋ ಹತ್ತಿ, ಆ ಮನುಷ್ಯ ಬಾಗಿಲಲ್ಲಿ ನಿಂತು ಕೂಗಾಡಿ, ಅದನ್ನೆಲ್ಲ ಝೆರಾಕ್ಸ್ ಮಶೀನಿನ ಮುಂದೆ ನಿಂತ ರಾಜೇಶ್ವರಿ ಕೇಳಿಸಿಕೊಳ್ಳಬೇಕಾಯಿತು. ಐದು ವರ್ಷದಲ್ಲಿ ಇರ್ಫಾನಾ ಮಾಡಿದ ಮೊದಲ ತಪ್ಪು ಅದು. ಕಂಪ್ಯೂಟರನ್ನು ಬಗಲಿಗೆ ಕೂಸು ಎತ್ತಿಕೊಂಡವರಷ್ಟು ಸಲೀಸಾಗಿ ಹಿಡಿಯುತ್ತಿದ್ದವಳು, ರಾಜೇಶ್ವರಿಗೆ ಇಲಿ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವಳು ಅವಳೇ. ಇದು ಮೌಸರಿ ಅಕ್ಕಾರ, ಕಡಿಯೂದಿಲ್ಲ ಎಂದು ನಗುತ್ತಿದ್ದಳು. ಆ ನಗು ಕೊನೆಯ ಒಂದು ತಿಂಗಳು ಇರಲಿಲ್ಲ. ಯಾಕೆ ಇರಲಿಲ್ಲ ಎಂದು ರಾಜೇಶ್ವರಿಗೆ ಗೊತ್ತಿತ್ತು. ಯಾರೂ ಹೇಳದೆ ಗೊತ್ತಿತ್ತು. ಗೊತ್ತಿದ್ದದ್ದೇ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು, ಮತ್ತು ಆ ಮನುಷ್ಯ ಕೂಗಾಡಿ ಮುಗಿಸಿದ ಕೂಡಲೇ ಅದು ಹಾರಿ ಹೋಯಿತು. "ಕೂಸಿನ ಚಿಂತಿ ಮನ್ಯಾಗ ಇಟ್ಟು ಬಾ. ಗಂಡನ್ನ ದವಾಖಾನಿಗೆ ಹೆಂಗ ಎಬ್ಬಿಸಿಕೊಂಡು ಹೋಗೂದು ಅಂತ ನನ್ನ ಕಂಪ್ಯೂಟರಿನ್ಯಾಗ ಹುಡುಕಬ್ಯಾಡ." ಬೆಂಚಿನ ಮೇಲೆ ಆಕೆಯ ಗಂಡ ಉಮರನ ಓಣಿಯವನೇ ಒಬ್ಬ ಇದ್ದ. ಇರ್ಫಾನಾ ತುಂಬುತ್ತಿದ್ದ ಅರ್ಜಿಯನ್ನು ಪೂರ್ತಿ ತುಂಬಿ, ಫೋಟೋ ಸರಿಯಾದದ್ದು ಹಚ್ಚಿ, ಕಳಿಸಿ, ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡು, ಬುತ್ತಿಯ ಚೀಲ ತೆಗೆದುಕೊಂಡು ಹೊರಟಳು. ಆಕೆಯನ್ನು ಯಾರೂ ಹೋಗು ಅನ್ನಲಿಲ್ಲ, ತಾನಾಗಿಯೇ ಹೋದಳು ಎಂದು ರಾಜೇಶ್ವರಿ ಎರಡು ವರ್ಷದಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದಳು. ಬಬಲೇಶ್ವರದಲ್ಲಿ ಆಕೆ ತನ್ನದೇ ಸೆಂಟರು ತೆಗೆದ ಮೇಲೆ, ನೋಡಿದ್ರೇನು, ಅದಕ್ಕ ಹೋದಾಕಿ ಎಂದು ಒಂದು ಮಾತು ಕೂಡಿಸಿದ್ದಳು.

ಎರಡೂಮುಕ್ಕಾಲು. ಈಗ ಪರದೆಯ ಮೇಲಿನ ಸಾಲಿನಲ್ಲಿ ಎಲ್ಲ ಬಾಲಂಗೋಚಿಗಳೂ ಬೂದುಬಣ್ಣಕ್ಕೆ ತಿರುಗಿದ್ದವು. ಸಹಿಯದೊಂದು ಉಳಿದಿತ್ತು. ಅದರ ಪಕ್ಕದಲ್ಲಿ, ಬಲತುದಿಯಲ್ಲಿ, ಒಂದು ಸಣ್ಣ ಮೋಡದ ಗುರುತು ಇತ್ತು, ಹವಾಮಾನದ್ದು. ಅದು ಏನು ಮಾಡೀತು, ಬಿಸಿಲು ಮಳೆ ತೋರಿಸುವುದು ಅದರ ಕೆಲಸ ಎಂದು ಬೆಳಿಗ್ಗೆಯಿಂದ ರಾಜೇಶ್ವರಿಯ ಕಣ್ಣು ಅದನ್ನು ದಾಟಿ ದಾಟಿ ಹೋಗುತ್ತಿತ್ತು, ಓಣಿಯಲ್ಲಿ ಮಾತುಬಿಟ್ಟವರ ಮನೆಯನ್ನು ದಾಟುವ ಹಾಗೆ. ಸರಿ, ಇನ್ನೊಮ್ಮೆ ಮೊದಲಿನಿಂದ ಹೊಡೆದು ನೋಡೋಣ ಎಂದಳು. ಕಾವ್ಯಾ ಓದಲು ಶುರು ಮಾಡಲಿಲ್ಲ. ನೋಟುಬುಕ್ಕಿನಿಂದ ತಲೆಯೆತ್ತಿ ಪರದೆಯನ್ನೇ ನೋಡುತ್ತಿದ್ದಳು.

"ಅಕ್ಕಾರ, ಅದೊಂದು ಬಂದ್ ಮಾಡೂದು ಉಳದೈತಿ ನೋಡ್ರಿ. ಮೋಡದ್ದು."

"ಅದು ಬಿಸಲು ಮಳಿ ತೋರಸೂದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹೊರಗ ಬಿಸಲು ಐತಿ. ಅದು ಮೋಡ ತೋರಸಾಕತ್ತೈತಿ. ಕೆಟ್ಟಿರಬೇಕ್ರಿ, ಒಮ್ಮಿ ಬಂದ್ ಮಾಡಿ..."

"ಅಷ್ಟ್ ತಿಳಿಯೂಹಂಗಿದ್ರ ರಸಾಯನಶಾಸ್ತ್ರದಾಗ ಎರಡ ಸಲ ಕೂಡ್ತಿದ್ದಿಲ್ಲ ನೀನು."

ಬೆಂಚಿನ ಮೇಲೆ ಕಾಗದದ ಬೀಸಣಿಗೆಗಳು ನಿಂತವು. ಕಾವ್ಯಾ ಒಂದು ವಿಷಯದಲ್ಲಿ ಬಿದ್ದು, ಮರುಪರೀಕ್ಷೆಯಲ್ಲಿ ಪಾಸಾದದ್ದು ಅಂಕಪಟ್ಟಿಯಲ್ಲಿತ್ತು. ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಲು ಹುಡುಗಿಯೇ ಬೆಳಿಗ್ಗೆ ಕೈಗೆ ಕೊಟ್ಟಿದ್ದಳು, ಎರಡು ಮಡಿಕೆ ಮಾಡಿ, ಅಂಕ ಒಳಗೆ ಬರುವಂತೆ. ಬೆಂಚಿನ ತುದಿಗೆ ಬಿಜ್ಜರಗಿಯವರೇ ಇಬ್ಬರು ಕೂತಿದ್ದರು. ಹುಡುಗಿ ಅಳಲಿಲ್ಲ. ನೋಟುಬುಕ್ಕಿನಲ್ಲಿ ಒಂದು ಬೆರಳು ಇಟ್ಟೇ ಅದನ್ನು ಮುಚ್ಚಿದಳು, ದುಪಟ್ಟಾ ಸರಿಮಾಡಿಕೊಂಡಳು. ರಾಜೇಶ್ವರಿಗೆ ಇರ್ಫಾನಾ ಎದ್ದು ಹೋದ ದಿನ ನೆನಪಾಯಿತು. ಅದೇ ಕೈ ಮೇಲೆ ಹೋಗಿ ಬಟ್ಟೆ ಸರಿಮಾಡುವ ರೀತಿ. ನೆನಪು ಪೂರ್ತಿ ಮೂಡುವ ಮೊದಲೇ ಅದು ಸಿಟ್ಟಾಗಿ ಮೇಲೆ ಬಂತು, ಯಾವಾಗಿನಂತೆ. ಇದೆಲ್ಲ ಆ ಇರ್ಫಾನಾಳಿಂದ. ಕಂಪ್ಯೂಟರಿಗೆ ತನ್ನ ಕೈಗುಣವನ್ನೆಲ್ಲ ಅಂಟಿಸಿ ಹೋಗಿದ್ದಾಳೆ, ಹೊಸದಾದರೆ ಕೆಡುವ ಹಾಗೆ, ತಾನಿಲ್ಲದೆ ನಡೆಯದ ಹಾಗೆ. ಫೋನು ತೆಗೆದಳು. ಹೆಸರು ಇನ್ನೂ 'ಇರ್ಫಾನಾ ಸೆಂಟರ್' ಎಂದೇ ಇತ್ತು. ಎರಡು ಕೈಯೂ ಬೇಕಾಗುತ್ತದೆಂದು ಸ್ಪೀಕರಿಗೆ ಹಾಕಿ ಕೀಬೋರ್ಡಿನ ಮುಂದೆ ಇಟ್ಟಳು. ನಿಜವಾಗಿ, ಬೈಯುವುದು ಬೆಂಚಿನವರಿಗೆಲ್ಲ ಕೇಳಲಿ ಎಂದೇ ಇಟ್ಟಳು.

ಮೂರನೆಯ ರಿಂಗಿಗೆ ಎತ್ತಿದಳು. ಆ ಕಡೆ ಪ್ರಿಂಟರು ಓಡುವ ಸದ್ದು.

"ಏನ್ ಹಾಕಿ ಹೋಗೀದಿಯವ್ವಾ ಈ ಮಿಷಿನ್ನ್ಯಾಗ?" ಎಂದಳು ರಾಜೇಶ್ವರಿ, ಹೆಸರು ಹೇಳದೆ, ಹೇಗಿದ್ದೀ ಎನ್ನದೆ. "ಬೆಳಿಗ್ಗಿಂದ ಒಂದ್ ಹುಡುಗಿ ಸೀಟಿನ ಪಟ್ಟಿ ತುಂಬಿ ತುಂಬಿ ಇಡಾಕತ್ತೇನಿ, ಬೆಳ್ಳಗಾಗಿ ಕುಂದರತೈತಿ. ನಾಕಕ್ಕ ಮುಗೀತೈತಿ. ಅದರ ಜೀವನಾ ಹಾಳಾದ್ರ ಯಾರ ತಲಿ ಮ್ಯಾಲ?"

ಪ್ರಿಂಟರಿನ ಸದ್ದು ನಿಂತಿತು. ಬಾಗಿಲು ಮುಚ್ಚಿದ ಸದ್ದು ಕೇಳಿತು. ಎರಡು ವರ್ಷದ ಮೇಲೆ ಕೇಳಿದ ಆ ದನಿಯಲ್ಲಿ ಏರೂ ಇರಲಿಲ್ಲ, ಇಳಿತವೂ ಇರಲಿಲ್ಲ. ನಿನ್ನೆ ಹೊಸದಾತೇನ್ರಿ ಬ್ರೌಸರು ಎಂದು ಕೇಳಿದಳು. ಯಾವ ಯಾವುದನ್ನು ಬಂದ್ ಮಾಡಿದಿರಿ ಎಂದು ಕೇಳಿದಳು. ರಾಜೇಶ್ವರಿ ಒದರಿದ ಹೆಸರುಗಳನ್ನೆಲ್ಲ ಕೇಳಿಸಿಕೊಂಡು ಅಂದಳು:

"ಫೋನ್ ಸ್ಪೀಕರಿನ್ಯಾಗ ಐತೇನ್ರಿ ಅಕ್ಕಾರ?"

"ಐತಿ. ಕೈ ಎರಡೂ ಬೇಕಲ್ಲ ನನಗ."

"ಸ್ಪೀಕರ್ ತಗೀರಿ. ಕಿವಿಗೆ ಹಚ್ಕೋರಿ."

ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಫೋನನ್ನು ಕಿವಿಗೆ ಹಿಡಿದಳು.

"ಆ ಹವಾಮಾನದ್ದು ಕಿತ್ತು ಹಾಕ್ರಿ," ಎಂದಳು ಇರ್ಫಾನಾ, ಪಕ್ಕದಲ್ಲಿ ಕೂತು ಹೇಳುವಷ್ಟು ಸಣ್ಣಗೆ. "ಸಹಿದು ಹೊಸಾದು ಬಂದೈತಿ. ತನ್ನ ಪುಟ ಬ್ಯಾರೆ ಯಾರರ ನೋಡಾಕತ್ತಿದ್ರ ಅದು ಪುಟಾನ ಅಳಿಸಿಬಿಡತೈತಿ. ನಮ್ಮಲ್ಲಿ ಬೆಳಿಗ್ಗೆ ಬ್ಯಾರೆ ಒಂದ್ ಎಕ್ಸ್‌ಟೆನ್ಶನ್ನಿಗೆ ಹಂಗ ಆತು."

ರಾಜೇಶ್ವರಿಯ ಬಾಯಿಗೆ ನಿನಗೆ ಹೇಗೆ ಗೊತ್ತು ಎನ್ನುವ ಮಾತು ಅರ್ಧ ಬಂದು ನಿಂತಿತು.

"ಹಾಕಿದ ಎರಡನೇ ದಿನಾನ ಗೊತ್ತಾತ್ರಿ. ಅವತ್ತು ಹೊರಗ ಕಾಲಿಡಲಾರದಷ್ಟು ಬಿಸಲು, ಅದು ಮಳಿ ಮೋಡ ತೋರಸಾಕತ್ತಿತ್ತು. ಸಿದ್ದಲಿಂಗೇಶಣ್ಣಾರು ಅಷ್ಟರ ಚಲೋ ಮಾಡಬೇಕಿತ್ತು."

ಸಿದ್ದಲಿಂಗೇಶ ಇಬ್ರಾಹಿಂಪುರದಲ್ಲಿ ರಾಜೇಶ್ವರಿಯ ಮನೆಯ ಹತ್ತಿರವೇ ಕಂಪ್ಯೂಟರು ರಿಪೇರಿ ಮಾಡುವವನು. ಈಗ ಎಲ್ಲಾರೂ ಹಾಕಸ್ತಾರ್ರಿ ವೈನಿ, ನೀವು ಹೊರಗ ಝೆರಾಕ್ಸ್ ಮುಂದ ನಿಂತಿರ್ತೀರಿ, ಒಳಗ ಕುಂತಾಕಿ ಏನ್ ಮಾಡ್ತಾಳ ನಿಮಗೇನ್ ಗೊತ್ತು ಎಂದು, ಒಳಗೆ ಕೂತವರು ಹುಡುಕಿದ್ದೆಲ್ಲ ರಾಜೇಶ್ವರಿಯ ಫೋನಿಗೆ ಬರುವಂತೆ ಅದನ್ನು ಅವನೇ ಕೂರಿಸಿಕೊಟ್ಟಿದ್ದ. ಮೊದಲು ವಾರಕ್ಕೊಮ್ಮೆ ನೋಡುತ್ತಿದ್ದಳು. ಆಮೇಲೆ ದಿನಾ, ಸಂಜೆಯ ಬಸ್ಸಿನಲ್ಲಿ, ಫೋನಿನಲ್ಲಿ. ಇರ್ಫಾನಾ ನೋಡಿದ ಕಸೂತಿಯ ನಮೂನೆಗಳು, ಬಸ್ಸಿನ ವೇಳೆಗಳು, ಬದನೆಕಾಯಿಯ ಯಾವುದೋ ಪಲ್ಯೆ. ಕಳ್ಳತನವೇನೂ ಸಿಗಲಿಲ್ಲ, ಆದರೆ ಓದುವುದಕ್ಕೆ ಒಂದು ರುಚಿ ಹತ್ತಿತು. ಶೆಡ್ಡಿನ ಮುಕಾದಮನಿಗೂ ಹೀಗೇ ರುಚಿ ಹತ್ತಿರಬೇಕು. ಆಮೇಲೆ ಆ ಮೂರು ವಾರ ಬಂದವು. ಮದುವೆಯಾಗಿ ಆರು ವರ್ಷವಾದರೆ ಯಾವ ಡಾಕ್ಟರು. ಗಂಡ ತಪಾಸಣೆಗೆ ಒಲ್ಲೆ ಎಂದರೆ ಏನು ಮಾಡುವುದು. ಅತ್ತೆಗೆ ಹೇಗೆ ಹೇಳುವುದು. ದಿನಾ ಮಧ್ಯಾಹ್ನ, ಬುತ್ತಿ ಉಂಡ ಮೇಲೆ, ಅದೇ ಪ್ರಶ್ನೆಗಳು. ಬಸ್ಸಿನಲ್ಲಿ ಅದನ್ನೋದಿ ರಾಜೇಶ್ವರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಪಾಪ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಎಲ್ಲ ಗೊತ್ತಿದ್ದೂ ಎರಡು ವರ್ಷ ತನ್ನನ್ನು ಹೀಗೆ ಬಿಟ್ಟಿದ್ದಳಲ್ಲ ಎಂದು ರಾಜೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಬೆಂಚಿಗೆ ಬೆನ್ನು ತಿರುಗಿಸಿ, ಹಲ್ಲು ಕಚ್ಚಿ ಕೇಳಿದಳು: "ಗೊತ್ತಿದ್ದೂ ಮತ್ಯಾಕ ಅದರಾಗ ಅದನ್ನೆಲ್ಲಾ ಹುಡಿಕಿದಿ? ನಿನ್ನ ಕೈಯಾಗ ಫೋನಿದ್ದಿಲ್ಲೇನು?"

ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದಳು.

"ಫೋನಿತ್ರಿ," ಎಂದಳು ಇರ್ಫಾನಾ. "ನೀವು ಓದ್ತೀರಿ ಅಂತನ ಅದರಾಗ ಹುಡುಕಿದ್ನಿ. ಬಾಯಿಲೆ ಹೇಳಾಕ ನನ್ನ ಕಡಿಂದ ಆಗಲಿಲ್ಲ. ಅವ್ವ ಇಲ್ಲ ನನಗ, ಯಾರ ಮುಂದ ಹೇಳಲಿ. ನೀವು ಓದಿ ಒಂದಿನ ಹಿಂದಿನ ಖೋಲ್ಯಾಗ ಕರದು, ಹೆಂಗದಿಬೇ ಅಂತ ಕೇಳ್ತೀರಿ ಅನ್ಕೊಂಡಿದ್ದೆ. ಮೂರ ವಾರ ಹುಡುಕಿದ್ನಿರಿ ಅಕ್ಕಾರ."

ರಾಜೇಶ್ವರಿ ತಿರುಗಿ ಪರದೆಯ ಮೂಲೆಯ ಮೋಡವನ್ನು ನೋಡಿದಳು.

"ಮೂರು ದಾಟೇತಿ," ಎಂದಿತು ಆ ದನಿ, ಮತ್ತೆ ಮೊದಲಿನ ಹಾಗೆ ಸಮವಾಗಿ. "ಮೊದಲ ಆ ಹುಡುಗಿದು ಮುಗಸ್ರಿ. ನಂದು ಫಾರ್ಮ್ ತುಂಬೂದು ಐತೆಲ್ಲ, ಅದನ್ನ ಚಾಲೂ ಮಾಡ್ರಿ, ಅದು ಏನೂ ಮಾಡೂದಿಲ್ಲ." ಫೋನಿಟ್ಟಳು.

ಹುಡುಗಿಯನ್ನು ಚಹಾ ತರಲು ಕಳಿಸಬಹುದಿತ್ತು. ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದಿತ್ತು. ಕೈ ಪರದೆಯ ಅಂಚಿನವರೆಗೆ ಹೋಯಿತು ಕೂಡ. ಬೆಂಚಿನ ಕಡೆ ಪರದೆಯ ಬೆನ್ನಿತ್ತು, ಕಾಣುತ್ತಿದ್ದದ್ದು ಕಾವ್ಯಾಳೊಬ್ಬಳಿಗೇ. ತೆಗೆದುಹಾಕು ಎಂದು ಒತ್ತಿದರೆ ಮೋಡ ಸುಮ್ಮನೆ ಹೋಗಲಿಲ್ಲ. ಪಾಸ್‌ವರ್ಡ್ ಕೇ‍ಳಿತು. ಬೆರಳುಗಳಿಗೆ ಅದು ಮರೆತಿರಲಿಲ್ಲ. ಆಗ ಮೋಡ ಸರಿದು ಅದರ ನಿಜವಾದ ಹೆಸರು ದಪ್ಪ ಅಕ್ಷರದಲ್ಲಿ ಬಂತು: ಕೆಲಸಗಾರರ ಮೇಲ್ವಿಚಾರಣೆ. ಕೆಳಗೆ ಒಂದು ಸಾಲು: ಎರಡು ವರ್ಷ ನಾಲ್ಕು ತಿಂಗಳ ದಾಖಲೆಗಳಿವೆ, ಅಳಿಸಲೇ?

ಕಾವ್ಯಾ ಅದನ್ನು ಓದಿದಳು. ಇದೇನ್ರಿ ಎಂದಳು.

"ಇದರ ಮುಂದ ಕುಂತವರು ಏನೇನ್ ಹುಡುಕಿದ್ರು ಅಂತ ಕದ್ದು ಬರದಿಡೂದು," ಎಂದಳು ರಾಜೇಶ್ವರಿ. "ನಾ ಹಾಕಿಸಿದ್ದು."

"ನಾ ರಿಜಲ್ಟ್ ನೋಡಾಕ ಬಂದಾಗಿಂದೂ ಇರತೈತೇನ್ರಿ?"

"ಇರತೈತಿ. ನಿಂದು ಓದಿಲ್ಲ ನಾನು." ಅದು ಖರೆಯೇ ಆಗಿತ್ತು. ಇರ್ಫಾನಾ ಹೋದ ದಿನದಿಂದ ಆಕೆ ಅದನ್ನು ತೆರೆದಿರಲಿಲ್ಲ, ತೆಗೆಸಿಯೂ ಇರಲಿಲ್ಲ. ತೆಗೆಸಬೇಕೆಂದರೆ ಅದು ಇತ್ತು ಎಂದು ಒಪ್ಪಬೇಕಾಗುತ್ತಿತ್ತು. ಆದರೆ ಖರೆಯನ್ನೂ ಆಕೆ ಜಗಳದ ದನಿಯಲ್ಲೇ ಹೇಳಿದ್ದಳು, ಮತ್ತು ಹುಡುಗಿ ಅದನ್ನು ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಅಳಿಸು ಎಂದು ಒತ್ತಿದಳು. ಇರ್ಫಾನಾಳ ಬಾಲಂಗೋಚಿಯನ್ನು ಚಾಲೂ ಮಾಡಿದಳು. ಬಂದ್ ಮಾಡಿದಾಗ ಅದರ ನೆನಪೂ ಅಳಿಸಿ ಹೋಗಿತ್ತು, ಹಾಗಾಗಿ ಕೊನೆಯ ಸಲ ಒಂದೊಂದಾಗಿ ಮೂವತ್ತೊಂದು ಸಂಖ್ಯೆ ಹೊಡೆದಳು. ಕಾವ್ಯಾ ಓದಿದಳು, ಈ ಸಲ ಸ್ವಲ್ಪ ದೂರ ಸರಿದು ಕೂತು. ಉಳಿಸು ಎಂದು ಒತ್ತಿದಾಗ ಪುಟ ಒಂದು ಗಳಿಗೆ ತಡೆಯಿತು. ಆಮೇಲೆ ಪಟ್ಟಿ ಮೂಡಿತು, ಮೇಲಿನಿಂದ ಕೆಳಗೆ ಮೂವತ್ತೊಂದು, ಪಕ್ಕದಲ್ಲಿ ಹಸಿರು ಬೀಗ. ಮೂರು ಗಂಟೆ ಮೂವತ್ತೆಂಟು ನಿಮಿಷ.

ಪ್ರಿಂಟು ಕೈಗೆ ಕೊಡುವಾಗ ಏನಾದರೂ ಅನ್ನಬೇಕೆನ್ನಿಸಿತು. ಬಾಯಿ ತೆರೆದರೆ ಬಂದದ್ದು, ಎರಡನೇ ಸಲ ಪಾಸಾದ್ರೂ ಪಾಸ ಪಾಸ, ಯಾರ ಮುಂದೂ ತಲಿ ತಗ್ಗಸೂದು ಬೇಕಾಗಿಲ್ಲ ಎನ್ನುವ ಮಾತು. ತಲೆ ತಗ್ಗಿಸುವಂತೆ ಮಾಡಿದವಳು ತಾನೇ. ಕಾವ್ಯಾ ಹೌದ್ರಿ ಎಂದಳು. ಕಾಗದವನ್ನು ಎರಡು ಮಡಿಕೆ ಮಾಡಿ ನೋಟುಬುಕ್ಕಿನಲ್ಲಿ ಇಟ್ಟುಕೊಂಡು, ಬೆಂಚಿನ ತುದಿಯ ಬಿಜ್ಜರಗಿಯವರ ಮುಂದೆಯೇ ನೆಟ್ಟಗೆ ನಡೆದು ಹೊರಗೆ ಹೋದಳು. ಉಳಿದವರಿಗೆ ನಾಳೆ ಬರ್ರಿ ಎಂದಳು ರಾಜೇಶ್ವರಿ. ಅವರು ಗೊಣಗುತ್ತ ಏಳುವ ಮೊದಲೇ ಶಟರು ಅರ್ಧ ಎಳೆದಿದ್ದಳು.

ವಿಜಯಪುರದ ಬಸ್ಸಿನಲ್ಲಿ ಸಿಟ್ಟು ಇಳಿಯಲಿಲ್ಲ. ಬಾಯಿ ಇರಲಿಲ್ಲವೇ ಅವಳಿಗೆ. ಇಡೀ ದಿನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಅಕ್ಕಾರ ಹಿಂಗೈತಿ ಎನ್ನಲು ಏನಾಗಿತ್ತು. ನನ್ನನ್ನು ಕಳ್ಳಿ ಮಾಡಿ, ಕದ್ದು ಓದಲಿ ಎಂದು ಬರೆದಿಟ್ಟು, ಓದಿದ ಮೇಲೆ ನಾನು ಏನು ಮಾಡುತ್ತೇನೆ ಎಂದು ನೋಡುತ್ತ ಕೂತಳಲ್ಲ. ಹಾಗಾದರೆ ಯಾರು ಯಾರನ್ನು ನೋಡುತ್ತಿದ್ದರು. ಹೀಗೆಲ್ಲ ಅಂದುಕೊಳ್ಳುತ್ತ, ಈ ವಾದದಲ್ಲಿ ತಾನು ಗೆದ್ದೆನೆಂದು ಅನ್ನಿಸುವ ಹೊತ್ತಿಗೆ ಸರಿಯಾಗಿ, ಮೂರ ವಾರ ಹುಡುಕಿದ್ನಿರಿ ಎನ್ನುವುದು ಕಿವಿಯೊಳಗೆ ಬಂದು ಕೂಡುತ್ತಿತ್ತು. ಎಷ್ಟು ಸಲ ಹೊಡೆದರೂ ಪುಟ ಅಲ್ಲಿಗೇ ಬಂದು ಬೆಳ್ಳಗಾಗುತ್ತಿತ್ತು. ಸ್ಟ್ಯಾಂಡಿನಲ್ಲಿ ಇಳಿದು ಇಬ್ರಾಹಿಂಪುರದ ಆಟೋ ಹಿಡಿಯಬೇಕಾದವಳು, ಬಬಲೇಶ್ವರದ ಮೇಲೆ ಮಮದಾಪುರಕ್ಕೆ ಹೋಗುವ ಬಸ್ಸಿನ ಮುಂದೆ ನಿಂತಿದ್ದಳು. ಎಲ್ಲಿಗ್ರಿ ಎಂದು ಕಂಡಕ್ಟರ ಕೇಳಿದಾಗ, ಬಬಲೇಶ್ವರ ಎಂದು ಅವನ ಮೇಲೆಯೇ ರೇಗಿದಳು.

ಮೂರು ಜನರ ಸೀಟಿನ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಮುದುಕಿ, ಇಬ್ಬರ ನಡುವೆ ಅವಳದೊಂದು ದೊಡ್ಡ ಕೈಚೀಲ. ಊರು ದಾಟಿ ಬಸ್ಸು ಬಯಲಿಗೆ ಬಿದ್ದ ಮೇಲೆ ರಾಜೇಶ್ವರಿ ಹೋಗಿ ಏನು ಕೇಳಬೇಕೆಂದು ಜೋಡಿಸತೊಡಗಿದಳು. ತಪ್ಪಾತು ಎನ್ನಬಹುದು. ಅಂದು ನೋಡಿದಳು, ಮನಸ್ಸಿನಲ್ಲೇ. ತಪ್ಪಾತು, ಈಗ ಏನ್ ಮಾಡಬೇಕಂತಿ ಎಂದು ಅದಕ್ಕೊಂದು ಬಾಲ ತಾನಾಗಿ ಹತ್ತಿಕೊಂಡಿತು. ಆಮೇಲೆ ಏನಾತು, ಡಾಕ್ಟರ ಏನಂದ್ರು ಎಂದು ಕೇಳಬಹುದು. ಅದು ತಹಸೀಲ್ದಾರ ಕಚೇರಿಯಲ್ಲಿ ಕಾಗದ ಕೇಳಿದ ಹಾಗೆ ಬಂತು. ನನ್ನ ಮುಂದೆ ಯಾಕೆ ಅನ್ನಲಿಲ್ಲ. ಇದಂತೂ ನೇರವಾಗಿ ಬೈಗುಳ. ಅದನ್ನೆಲ್ಲ ಬಿಟ್ಟು, ಬರೇ ಹೆಂಗದಿ ಎಂದರೆ ಸಾಕಲ್ಲವೇ. ಜನ ದಿನಾ ಅನ್ನುತ್ತಾರೆ, ಅದಕ್ಕೇನು ಸಾಲಿ ಕಲಿಯಬೇಕೇ. ಹೆಂಗದಿ. ಮೆತ್ತಗೆ. ಹೆಂಗದಿ. ಇನ್ನೂ ಮೆತ್ತಗೆ. ಮೂರನೆಯ ಸಲ ಅದು ಬಾಯಿಂದಲೇ, ಸಾಕಷ್ಟು ಜೋರಾಗಿಯೇ ಬಂತು.

"ಹೆಂಗದಿ?"

ಮುದುಕಿ ಬೆಚ್ಚಿ ತಿರುಗಿದಳು. ಕನ್ನಡಕದ ಹಿಂದಿನ ಕಣ್ಣುಗಳು ರಾಜೇಶ್ವರಿಯ ಮುಖದಲ್ಲಿ ಗುರುತು ಹುಡುಕಿದವು. ಸಿಗಲಿಲ್ಲ.

"ನನ್ನ ಕೇಳಿದಿ ಏನವ್ವಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು.

"ಬೈದಂಗ ಕೇಳಿದಿ ಖರೆ," ಎಂದಳು ಮುದುಕಿ, "ಆದರೂ ಕೇಳಿದೆಲ್ಲ. ಬೆಳಿಗ್ಗಿಂದ ದವಾಖಾನ್ಯಾಗ ಅಲ್ಲಿ ಕೂಡು ಇಲ್ಲಿ ನಿಂದ್ರು ಅಂದವರ ಎಲ್ಲಾರೂ." ನಡುವಿನ ಕೈಚೀಲವನ್ನು ಎತ್ತಿ ಕಾಲಬುಡಕ್ಕೆ ಇಟ್ಟುಕೊಂಡು, ಹತ್ತಿರ ಸರಿದು, ತನ್ನ ಹೆಸರು ಹುಚ್ಚವ್ವ ಎಂದು ಹೇಳಿ ಮುದುಕಿ ಶುರು ಮಾಡಿದಳು, ಎದೆಯಲ್ಲಿ ಮೊದಲು ನೋವು ಬಂದ ದಿನದಿಂದ. ಬಸ್ಸಿನ ಸದ್ದಿನಲ್ಲಿ ಅರ್ಧ ಮಾತು ಹಾರಿ ಹೋಗುತ್ತಿತ್ತು. ರಾಜೇಶ್ವರಿ ತಲೆ ಬಗ್ಗಿಸಿ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದಳು. ಬಬಲೇಶ್ವರ ಬರುವ ತನಕ ನಡುವೆ ಬಾಯಿ ಹಾಕಲಿಲ್ಲ.